ಕಿರ್ದಿ, ಖತಾವಣಿ ಮತ್ತು ಕೈಯಲ್ಲಿರುವ ಫೋನು

(ಶಿವಮೊಗ್ಗದಲ್ಲಿ ಕಾಲೇಜು ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಾಗರದ ಪೇಟೆಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ರಾತ್ರಿ ಎಂಟೂವರೆಗೆ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಸೇರಿಸಿ, ಕೊನೇ ಹಲಗೆ ಮಾತ್ರ ಹಾಗೇ ಬಿಟ್ಟು, ಅಪ್ಪ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಿದ್ದರು. ಎಡಕ್ಕೆ ಕಿರ್ದಿ, ಬಲಕ್ಕೆ ಖತಾವಣಿ. ಇಲ್ಲಿ ಕೂತಿರುವ ಹಿರಿಯರಿಗೆ ಈ ಎರಡು ಪುಸ್ತಕ ಗೊತ್ತು. ಚಿಕ್ಕವರಿಗಾಗಿ ಹೇಳುತ್ತೇನೆ. ಕಿರ್ದಿ ಅಂದರೆ ದಿನದ ಲೆಕ್ಕ. ಬೆಳಗಿನಿಂದ ಏನೇನು ನಡೆಯಿತೋ ಅದು ನಡೆದ ಹಾಗೇ, ಒಂದರ ಕೆಳಗೊಂದು. ಜೋನಿಬೆಲ್ಲ ಒಂದು ಡಬ್ಬ, ಉದ್ರಿ. ಹಿಂಡಿ ಎರಡು ಚೀಲ, ನಗದು. ಲಾರಿ ಬಾಡಿಗೆ. ಯಾರದೋ ಹಳೇ ಬಾಕಿ ಜಮಾ. ಗಿರಾಕಿ ಎದುರಿಗೆ ನಿಂತಿರುವಾಗ ಯಾವುದು ಯಾವ ಖಾತೆ ಅಂತ ಯೋಚಿಸುವುದಕ್ಕೆ ಪುರುಸೊತ್ತೆಲ್ಲಿ? ಮೊದಲು ಬರೆದುಬಿಡಬೇಕು. ಖತಾವಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ರಾತ್ರಿ ಕೂತು ಕಿರ್ದಿಯ ಒಂದೊಂದು ಸಾಲನ್ನೂ ಅದರದರ ಖಾತೆಗೆ ಎತ್ತಿ ಬರೆಯುವುದು. ಎತ್ತಿ ಬರೆದ ಕೂಡಲೇ ಕಿರ್ದಿಯ ಅಂಚಿನಲ್ಲಿ ಆ ಖಾತೆಯ ಪುಟಸಂಖ್ಯೆ ಬೀಳುತ್ತಿತ್ತು, ಕೆಂಪು ಶಾಯಿಯಲ್ಲಿ, ಚಿಕ್ಕದಾಗಿ. ಅಂಚಿನಲ್ಲಿ ಅಂಕಿ ಇದ್ದರೆ ಆ ಸಾಲಿನ ಗತಿ ಕಂಡಿತು ಅಂತ ಅರ್ಥ. ಅಂಚು ಖಾಲಿ ಇದ್ದರೆ ಇನ್ನೂ ಕಂಡಿಲ್ಲ. ಕೊನೆಗೆ ಆಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿಯಬೇಕಾದ ನಗದಿನ ಲೆಕ್ಕ, ಹಾಕಿ, ಗಲ್ಲಾದ ದುಡ್ಡು ಎಣಿಸಿ, ಎರಡೂ ತಾಳೆಯಾದ ಮೇಲೆ ಆ ಕೊನೇ ಹಲಗೆ. "ಅಂಚು ಖಾಲಿ ಇದ್ರೆ ಅಂಗಡಿ ಮುಚ್ಚಿದ ಹಾಗಲ್ಲ ಪುಟ್ಟೀ" ಅನ್ನುತ್ತಿದ್ದರು.

ಡಿಜಿಟಲ್ ಸಾಧನಗಳನ್ನು ಬಳಸಿ ಕೆಲಸಕ್ಕೆ ಒಂದು ವ್ಯವಸ್ಥೆ ಕಟ್ಟಿಕೊಳ್ಳುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ಆ್ಯಪ್‌ಗಳ ಹೆಸರು ಬರೆದುಕೊಳ್ಳಲು ಕೆಲವರು ಪೆನ್ನು ಹಿಡಿದು ಕೂತಿದ್ದೀರಿ. ಹೆಸರುಗಳನ್ನೂ ಹೇಳುತ್ತೇನೆ. ಆದರೆ ಹದಿನೈದು ವರ್ಷ ಅನುವಾದ, ಕರಡು ತಿದ್ದುವ ಕೆಲಸ ಮಾಡಿಕೊಂಡು, ಹತ್ತಾರು ಆ್ಯಪ್ ಹಾಕಿ ತೆಗೆದು, ಕಡೆಗೆ ನಾನು ಬಂದು ನಿಂತದ್ದು ಅಪ್ಪನ ಆ ಎರಡು ಪುಸ್ತಕ ಮತ್ತು ಒಂದು ಹಲಗೆ ತೆರೆದಿಟ್ಟ ಆ ಕಾಲುಗಂಟೆಗೆ. ಇವತ್ತು ಅದನ್ನೇ ಹೇಳುವವಳಿದ್ದೇನೆ.

ಮೊದಲು ನನ್ನ ಪಾಡು ಹೇಗಿತ್ತು ಕೇಳಿ. ಪ್ರಕಾಶಕರು ಕೊಟ್ಟ ಗಡುವು ವಾಟ್ಸಾಪ್‌ನ ಒಂದು ಧ್ವನಿ ಸಂದೇಶದಲ್ಲಿ. ಅನುವಾದಕ್ಕೆ ಬೇಕಾದ ಪದಗಳ ಪಟ್ಟಿ ಅರ್ಧ ಡೈರಿಯಲ್ಲಿ, ಅರ್ಧ ಲ್ಯಾಪ್‌ಟಾಪಿನಲ್ಲಿ. ನನಗೆ ನಾನೇ ಕಳಿಸಿಕೊಂಡ ಇಮೇಲ್‌ಗಳು. ಗ್ಯಾಲರಿ ತುಂಬ ಪುಸ್ತಕದ ಪುಟಗಳ ಫೋಟೋ, ಯಾವ ಪುಸ್ತಕ ಅಂತ ತಿಳಿಯದವು. ಒಂದು ಪಠ್ಯದ ಕರಡು ಹದಿನೆಂಟು ದಿನ ತಡವಾಗಿ ಕೊಟ್ಟೆ. ಕೆಲಸ ಮುಗಿದಿತ್ತು. ಕಳಿಸಬೇಕಾದ ದಿನ ಯಾವುದು ಅನ್ನುವುದು ಆ ಧ್ವನಿ ಸಂದೇಶದೊಳಗೆ ಉಳಿದಿತ್ತು. ಅಚ್ಚಿಗೆ ಕಾದು ಕೂತಿದ್ದವರು ಬೈಯಲಿಲ್ಲ, ಮುಂದಿನ ಕೆಲಸ ಕೊಡಲಿಲ್ಲ, ಅಷ್ಟೆ. ಆಗ ನನ್ನ ಹತ್ತಿರ ಐದು ಕಿರ್ದಿಗಳಿದ್ದವು, ಖತಾವಣಿ ಒಂದೂ ಇರಲಿಲ್ಲ.

ಎರಡನೆಯ ಪೆಟ್ಟು ಇದಕ್ಕಿಂತ ನೋವಿನದು. 2003ರಲ್ಲಿ ನಮ್ಮ ಸೋದರಮಾವ ಅಡಿಕೆ ತೋಟದ ಮಾತುಗಳನ್ನು ಹೇಳುತ್ತಾ ಹೋಗಿದ್ದರು, ನಾನು ಟೈಪ್ ಮಾಡಿಕೊಂಡಿದ್ದೆ. ಅಡಿಕೆ ಗೊನೆಗೆ ಅನ್ನುವ ಕೊನೆ, ಅದನ್ನು ಕೊಯ್ಯುವ ಕೊನೆಗಾರ, ಮಳೆಗೆ ಕೊನೆಯನ್ನು ಮುಚ್ಚುವ ಕೊಟ್ಟೆ ಕಟ್ಟುವುದು, ಚೊಗರು, ಸೋಗೆ, ಹಾಳೆ. ಅಡಿಕೆಯ ಬಗೆಗಳಲ್ಲಿ ಗೊರಬಲು ಯಾವುದು, ಬೆಟ್ಟೆ ಯಾವುದು, ಸರಕು ಯಾವುದು, ಬರೀ ಕೈಯಲ್ಲಿ ಮುಟ್ಟಿ ಹೇಗೆ ಹೇಳುತ್ತಾರೆ. ಮಾವ ತೀರಿಕೊಂಡ ಮೇಲೆ 2016ರಲ್ಲಿ ಆ ಕಡತ ತೆರೆದರೆ ಒಂದು ಕನ್ನಡ ಅಕ್ಷರವಿಲ್ಲ. ತಲೆ ಮೇಲೆ ಚುಕ್ಕಿ ಗೆರೆ ಹೊತ್ತ ಯಾವುದೋ ಯುರೋಪಿನ ಅಕ್ಷರಗಳ ಸಾಲು. ನಾನು ಬಳಸಿದ್ದ ತಂತ್ರಾಂಶ ಕನ್ನಡದ ಆಕಾರಗಳನ್ನು ಇಂಗ್ಲಿಷಿನ ಜಾಗಗಳಲ್ಲಿ ಕೂರಿಸಿ ತೋರಿಸುತ್ತಿತ್ತು. ಆ ಫಾಂಟ್ ಇರುವವರೆಗೆ ಅದು ಕನ್ನಡ, ಇಲ್ಲದಾಗ ಗೀಚು. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಆಗಲೇ ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟೂ ಬಂದಿತ್ತು. ನನಗೆ ಗೊತ್ತಿರಲಿಲ್ಲ. ಪರಿವರ್ತಕವೊಂದರಿಂದ ಬಹುಪಾಲು ಮರಳಿ ಸಿಕ್ಕಿತು. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದವು. ನಾಲ್ಕು ಪದಗಳು ಏನೆಂದು ಇವತ್ತಿಗೂ ತಿಳಿಯದು, ಕೇಳೋಣವೆಂದರೆ ಮಾವ ಇಲ್ಲ.

ನಿಮ್ಮಲ್ಲಿ ಎಷ್ಟು ಜನರ ಪಿಎಚ್‌ಡಿ ಟಿಪ್ಪಣಿ, ಹಳೆಯ ಲೇಖನ ಇನ್ನೂ ಅಂಥ ಕಡತಗಳಲ್ಲಿದೆ? ಕೈ ಎತ್ತಿ. (ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು.) ಹಾಗಾದರೆ ಮಿಕ್ಕಿದ್ದೆಲ್ಲ ಆಮೇಲೆ. ಈ ಭಾನುವಾರ ಅವನ್ನು ಯೂನಿಕೋಡಿಗೆ ತನ್ನಿ. ಓದಿ ನೋಡಿ ತಿದ್ದಿ, ಪದ ಹೇಳಿದವರು ಇನ್ನೂ ಇರುವಾಗಲೇ ತಿದ್ದಿ.

ಕಡತ ಅಂದೆನಲ್ಲ, ಆ ಮಾತು ಬಂದ ದಾರಿಯೂ ಇದೇ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ವ್ಯಾಪಾರಿಗಳು, ಮಠಗಳು ಇಟ್ಟುಕೊಂಡಿದ್ದವು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಆಧಾರವಾಗಿ ಬಳಸುತ್ತಾರೆ. ಅದನ್ನು ಓದಲು ಕಣ್ಣು, ಬೆಳಕು ಇದ್ದರೆ ಸಾಕು. ನನ್ನ 2003ರ ಕಡತಕ್ಕೆ ಹದಿಮೂರು ವರ್ಷದ ಆಯಸ್ಸೂ ಇರಲಿಲ್ಲ. ಅದಕ್ಕೇ ಸಾಧನ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ: ಈ ಆ್ಯಪ್ ನಾಳೆ ಮುಚ್ಚಿದರೆ ನನ್ನ ಬರಹ ಬರೀ ಪಠ್ಯವಾಗಿ ನನ್ನ ಕೈಗೆ ಬರುತ್ತದೆಯೇ? ಕೋಟ್ಯಂತರ ಜನ ಬಳಸುವ ಸಂಸ್ಥೆಗಳೂ ಸೇವೆಗಳನ್ನು ಮುಚ್ಚುತ್ತವೆ. ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಎರಡನೇ ಪ್ರಶ್ನೆ ನಮ್ಮ ಮಲೆನಾಡಿನದು: ಸಿಗ್ನಲ್ ಇಲ್ಲದಾಗ ಇದು ತೆರೆಯುತ್ತದೆಯೇ? ಮಳೆಗಾಲದಲ್ಲಿ ಮೂರು ದಿನ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ಊರಿನವರು ಈ ಪ್ರಶ್ನೆ ಕೇಳದೆ ಏನನ್ನೂ ಹಾಕಿಕೊಳ್ಳಬಾರದು.

ಈಗ ನನ್ನ ವ್ಯವಸ್ಥೆ. ಫೋನಿನ ಮುಖಪುಟದಲ್ಲಿ, ಹೆಬ್ಬೆರಳು ತಾಗುವ ಜಾಗದಲ್ಲಿ, ಒಂದೇ ಒಂದು ಕಿರ್ದಿ. ನಾನು ಬಳಸುವುದು ಗೂಗಲ್ ಕೀಪ್ ಎಂಬ ಟಿಪ್ಪಣಿಯ ಆ್ಯಪ್. ನಿಮಗೆ ವಾಟ್ಸಾಪ್ ಒಗ್ಗಿದ್ದರೆ ಅದೇ ಆಗಲಿ, ತಮಗೆ ತಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಅದರಲ್ಲಿ 2022ರಿಂದ ಇದೆ. ಯಾವುದಾದರೂ ಸರಿ, ಒಂದೇ ಇರಲಿ. ಬಸ್ಸಿನಲ್ಲಿ ನಿಂತಿರುವಾಗ ಕನ್ನಡದಲ್ಲೇ ಮಾತಾಡಿ ಬರೆಸುತ್ತೇನೆ; ಧ್ವನಿಯಿಂದ ಟೈಪಿಂಗ್ ಈಗ ನಮ್ಮ ಭಾಷೆಯಲ್ಲಿ ಸಾಕಷ್ಟು ಚೆನ್ನಾಗಿ ಆಗುತ್ತದೆ, ಹೆಸರುಗಳನ್ನು ಮಾತ್ರ ತಿದ್ದಬೇಕು. ಪುಸ್ತಕದ ಪುಟದ ಫೋಟೋ ತೆಗೆದರೆ ಅದಕ್ಕೆ ಮೊದಲು ರಕ್ಷಾಪುಟದ ಒಂದು ಫೋಟೋ, ಅದು ಕಡ್ಡಾಯ. ಕಿರ್ದಿಯಲ್ಲಿ ವಿಂಗಡಣೆ, ಬಣ್ಣ, ಹಣೆಪಟ್ಟಿ ಏನೂ ಇಲ್ಲ. ಗಿರಾಕಿ ಎದುರಿಗಿದ್ದಾನೆ, ಬರೆದುಬಿಡಿ.

ಖತಾವಣಿ ಲ್ಯಾಪ್‌ಟಾಪಿನಲ್ಲಿದೆ. ಅಬ್ಸಿಡಿಯನ್ ಎಂಬ ತಂತ್ರಾಂಶ. 2020ರಲ್ಲಿ ಬಂದದ್ದು, ವೈಯಕ್ತಿಕ ಬಳಕೆಗೆ ದುಡ್ಡಿಲ್ಲ. ನನಗೆ ಅದು ಹಿಡಿಸಿದ್ದಕ್ಕೆ ಕಾರಣ ಒಂದೇ: ನಾನು ಬರೆದದ್ದೆಲ್ಲ ನನ್ನ ಡಿಸ್ಕಿನ ಒಂದು ಫೋಲ್ಡರಿನಲ್ಲಿ ಬರೀ ಪಠ್ಯದ ಕಡತಗಳಾಗಿ ಇರುತ್ತದೆ. ತಂತ್ರಾಂಶ ತೆಗೆದುಹಾಕಿದರೂ ನೋಟ್‌ಪ್ಯಾಡಿನಲ್ಲಿ ಓದಬಹುದು. ಈ ಕಡತಗಳಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತ ಮೂರು ಬೈಟ್ ಹಿಡಿಯುತ್ತದೆ, ಮೂರು ಸಂಕೇತ ಸೇರಿದ 'ಕ್ಷ' ಒಂದಕ್ಕೇ ಒಂಬತ್ತು. ಆದರೂ ಎರಡು ಸಾವಿರ ಪದದ ಲೇಖನ ಐವತ್ತು ಕಿಲೋಬೈಟಿನ ಆಸುಪಾಸು, ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಸಣ್ಣದು. ಜೀವಮಾನವಿಡೀ ಬರೆದರೂ ಒಂದು ಪೆನ್‌ಡ್ರೈವ್ ತುಂಬುವುದಿಲ್ಲ.

ರಾತ್ರಿ ಊಟಕ್ಕೆ ಮೊದಲು ಕಾಲುಗಂಟೆ. ಕಿರ್ದಿಯ ಸಾಲುಗಳನ್ನು ಒಂದೊಂದಾಗಿ ನೋಡುವುದು. ದಿನಾಂಕ ಇರುವುದು ಕ್ಯಾಲೆಂಡರಿಗೆ. ಮಾಡಬೇಕಾದ ಕೆಲಸ ಆ ಕೆಲಸದ ಖಾತೆಗೆ. ಒಂದೊಂದು ಅನುವಾದಕ್ಕೆ ಒಂದು ಖಾತೆ, ಮನೆಗೊಂದು, ಅಮ್ಮನ ಔಷಧಿಗೊಂದು. ಓದಿದ್ದು, ಕೇಳಿದ್ದು, ಹೊಳೆದದ್ದು ವಿಷಯದ ಪುಟಕ್ಕೆ. ಎತ್ತಿ ಬರೆದ ಕೂಡಲೇ ಕಿರ್ದಿಯಿಂದ ಅದನ್ನು ಆರ್ಕೈವ್‌ಗೆ ಕಳಿಸುತ್ತೇನೆ. ಅದು ನನ್ನ ಕೆಂಪು ಶಾಯಿ. ಕಿರ್ದಿ ಖಾಲಿಯಾದರೆ ಅಂಗಡಿ ಮುಚ್ಚಿತು. ಅರ್ಧದಷ್ಟು ಸಾಲುಗಳನ್ನು ಎಲ್ಲಿಗೂ ಎತ್ತದೆ ಅಳಿಸುತ್ತೇನೆ, ಬೆಳಿಗ್ಗೆ ದೊಡ್ಡದಾಗಿ ಕಂಡದ್ದು ರಾತ್ರಿಗೆ ಅಷ್ಟು ದೊಡ್ಡದಿರುವುದಿಲ್ಲ.

ಈಗ ಎಐ ಇದನ್ನೆಲ್ಲ ತಾನೇ ಮಾಡಿಕೊಡುತ್ತದಲ್ಲ ಅಂತ ಚಹಾದ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ. ವಿಂಗಡಿಸಿ ಕೊಡಬಹುದು. ನಾನು ಆ ಕೆಲಸವನ್ನು ಅದರ ಕೈಗೆ ಕೊಡುವುದಿಲ್ಲ. ಅಪ್ಪನಿಗೆ ಗುಮಾಸ್ತರಿದ್ದರು, ಅಕ್ಷರ ಮುತ್ತಿನಂತೆ. ಆದರೂ ಖತಾವಣಿ ಅಪ್ಪನೇ ಬರೆಯುತ್ತಿದ್ದರು. ಪುಟ ತಿರುಗಿಸುವಾಗಲೇ ಅವರಿಗೆ ಯಾರ ಮನೆಯಲ್ಲಿ ಕಷ್ಟವಿದೆ, ಯಾರಿಗೆ ಇನ್ನು ಉದ್ರಿ ಕೊಡಬಾರದು ಅನ್ನುವುದು ತಿಳಿಯುತ್ತಿತ್ತು. ಎತ್ತಿ ಬರೆಯುವಾಗ ನಡೆಯುವುದು ತೀರ್ಮಾನ, ಅದನ್ನು ಬೇರೆಯವರ ಕೈಗೆ ಕೊಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಪಟ್ಟಿ ಮಾತ್ರ.

ಕೆಲಸವನ್ನು ಬರೆಯುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ. ನನ್ನ ಹಳೆಯ ಪಟ್ಟಿಯಲ್ಲಿ 'ಅಮ್ಮನ ಕಣ್ಣು' ಅಂತ ಒಂದು ಸಾಲು ಎರಡು ತಿಂಗಳು ಇತ್ತು. ನೋಡಿದಾಗಲೆಲ್ಲ ಎದೆ ಭಾರವಾಗುತ್ತಿತ್ತು, ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. 'ಅಮ್ಮನ ಕಣ್ಣು ತೋರಿಸಬೇಕು' ಅಂತ ತಿದ್ದಿದೆ. ಆಗಲೂ ಆಗಲಿಲ್ಲ. ನಮ್ಮ 'ಬೇಕು' ಎಂಬ ಮಾತು ಆಸೆಗೂ ಸಲ್ಲುತ್ತದೆ, ಕರ್ತವ್ಯಕ್ಕೂ ಸಲ್ಲುತ್ತದೆ, ಎರಡರ ನಡುವೆ ತೂಗಾಡಿಕೊಂಡಿರುತ್ತದೆ. ಕಡೆಗೆ ಹೀಗೆ ಬರೆದೆ: 'ಸೋಮವಾರ ಹತ್ತು ಗಂಟೆಗೆ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಬುಧವಾರದ ಟೋಕನ್ ಕೇಳು.' ಸೋಮವಾರ ಹತ್ತೂ ಐದಕ್ಕೆ ಕೆಲಸ ಮುಗಿದಿತ್ತು. ವಾಕ್ಯದ ಕೊನೆಯಲ್ಲಿ ಬರುವ ಆ 'ಕೇಳು' ಯಾರೋ ಹಿರಿಯರು ಎದುರು ನಿಂತು ಹೇಳಿದ ಹಾಗಿರುತ್ತದೆ.

ಉಡುಪಿ ಹೋಟೆಲಿನ ಸಪ್ಲೈಯರ್ ಹತ್ತು ಮೇಜಿನ ತಿಂಡಿಯನ್ನು ಬರೆದುಕೊಳ್ಳದೆ ಒಪ್ಪಿಸುವುದನ್ನು ನೋಡಿದ್ದೀರಿ. ಬಿಲ್ಲು ಕೊಟ್ಟಾದ ಮೇಲೆ ಕೇಳಿದರೆ ಅವನಿಗೇ ನೆನಪಿರುವುದಿಲ್ಲ. ಬರ್ಲಿನ್ನಿನಲ್ಲಿ ಇಂಥದೇ ಮಾಣಿಗಳ ಕಥೆಯಿಂದ ಹುಟ್ಟಿತೆನ್ನುವ ಪ್ರಯೋಗಗಳನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಪ್ರಕಟಿಸಿದರು: ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಅಂತ. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಅದೇ ಫಲಿತಾಂಶ ಬರಲಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಕಂಡುಕೊಂಡದ್ದು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಿರುತ್ತದೆ, ಆದರೆ ಅದನ್ನು ಯಾವಾಗ ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ, ಕೆಲಸ ಇನ್ನೂ ಮುಗಿಯದಿದ್ದರೂ ಆ ಕೊರೆತ ತಗ್ಗುತ್ತದೆ. ಅಪ್ಪ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಎಲ್ಲ ಬಾಕಿ ವಸೂಲಾಗಿ ಅಲ್ಲವಲ್ಲ, ಯಾವ ಬಾಕಿ ಯಾವ ಪುಟದಲ್ಲಿದೆ ಅನ್ನುವುದು ಗೊತ್ತಿದ್ದರಿಂದ.

ಪುಟಸಂಖ್ಯೆಯ ಮಾತು ಬಂದಾಗ ನಿಕ್ಲಾಸ್ ಲೂಮಾನ್ ನೆನಪಾಗುತ್ತಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ, 1998ರಲ್ಲಿ ತೀರಿಕೊಂಡರು. ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ಒಂದೊಂದು ಚೀಟಿಗೂ ಒಂದು ಸಂಖ್ಯೆ, ಚೀಟಿಯೊಳಗೆ ಮತ್ತೊಂದು ಚೀಟಿಯ ಸಂಖ್ಯೆ. ಅವರ ಪೆಟ್ಟಿಗೆಗಳು ಈಗ ಬೀಲೆಫೆಲ್ಡ್ ವಿಶ್ವವಿದ್ಯಾಲಯದಲ್ಲಿವೆ, ಚೀಟಿಗಳನ್ನು ಡಿಜಿಟಲ್ ಮಾಡಿ ಇಡುತ್ತಿದ್ದಾರೆ. ಅಬ್ಸಿಡಿಯನ್ನಿನಲ್ಲಿ ಒಂದು ಪುಟದ ಹೆಸರನ್ನು ಜೋಡಿ ಚೌಕ ಆವರಣದೊಳಗೆ ಬರೆದರೆ ಕೊಂಡಿ ಬೀಳುತ್ತದೆ. ಸಂಶೋಧನೆ ಮಾಡುವವರು ಇದನ್ನು ಕಲಿಯಲೇಬೇಕು. ಅಡಿಕೆಗೆ ಬರುವ 'ಕೊಳೆರೋಗ'ದ ನನ್ನ ಪುಟದಿಂದ, ಅದಕ್ಕೆ ಸಿಂಪಡಿಸುವ 'ಬೋರ್ಡೋ ದ್ರಾವಣ'ಕ್ಕೆ ಕೊಂಡಿ. ಅಲ್ಲಿ ಮಾವ ಹೇಳಿದ ಅಳತೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಲ್ಲಿಂದ 'ಕೊಟ್ಟೆ'ಗೆ, 'ಕೊನೆಗಾರ'ಕ್ಕೆ. ಕೃಷಿ ಪುಸ್ತಕವೊಂದನ್ನು ಅನುವಾದಿಸುವಾಗ ಈ ದಾರಿಯಲ್ಲಿ ನಡೆದೇ ನನಗೆ ಪದಗಳು ಸಿಕ್ಕಿದ್ದು.

ಇನ್ನು ಯಾರೂ ನಮಗೆ ಹೇಳಿಕೊಡದ ವಿಷಯ, ಕನ್ನಡದಲ್ಲಿ ಹುಡುಕುವುದು. ಬರೆದಿಟ್ಟದ್ದು ಹುಡುಕಿದಾಗ ಸಿಗದಿದ್ದರೆ ಬರೆದು ಏನು ಫಲ? ಇಂಗ್ಲಿಷಿಗಾಗಿ ಮಾಡಿದ ಹುಡುಕಾಟದ ಪೆಟ್ಟಿಗೆಗಳು ನಮ್ಮ ಭಾಷೆಯ ಎದುರು ತಬ್ಬಿಬ್ಬಾಗುತ್ತವೆ. ಪರದೆಯ ಮೇಲೆ ನೋಡಿ. 'ಊರು' ಅಂತ ಹುಡುಕುತ್ತೇನೆ, ಹನ್ನೊಂದು ಸಿಕ್ಕಿತು. ಕೊನೆಯ ಕೊಂಬು ತೆಗೆದು 'ಊರ' ಅನ್ನುತ್ತೇನೆ. ಅರವತ್ತಕ್ಕೂ ಹೆಚ್ಚು. ಯಾಕೆಂದರೆ ನಾವು ಬರೆಯುವುದು ಊರಿಗೆ, ಊರಲ್ಲಿ, ಊರಿನ. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆ ಬೇರೆಯೇ ಸಂಕೇತ, ವ್ಯಂಜನದ ನಂತರ ಬರುತ್ತದೆ. ಉಕಾರದ ಪದಗಳಿಗೆಲ್ಲ, ಕಾಡು, ನಾಡು, ಹಾಡು, ಈ ಉಪಾಯ ಸಾಮಾನ್ಯವಾಗಿ ನಡೆಯುತ್ತದೆ. ಕ್ರಿಯಾಪದ ನಂಬಬೇಡಿ. 'ಕೊಡು' ಅಂತ ಹುಡುಕಿದರೆ 'ಕೊಟ್ಟರು' ಎಲ್ಲಿ ಸಿಗುತ್ತದೆ? 'ಬರು' ಅಂದರೆ 'ಬಂದರು' ಎಲ್ಲಿ? ನಾಮಪದ ಹಿಡಿದು ಹೋಗಿ.

ಮುಂದಿನದು ಇನ್ನೂ ಕಷ್ಟದ್ದು. ರಾಜ್‌ಕುಮಾರ್ ಹೆಸರನ್ನು ಹುಡುಕಿ. 'ಜ್' ಮತ್ತು 'ಕು' ಬಿಡಿಬಿಡಿಯಾಗಿ ಕಾಣಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದಿಲ್ಲದಿದ್ದರೆ ಕ ಹೋಗಿ ಜ ಕೆಳಗೆ ಒತ್ತಾಗುತ್ತದೆ. ನೀವು ಆ ಸಂಕೇತ ಹಾಕಿ ಬರೆದು, ಹಾಕದೆ ಹುಡುಕಿದರೆ ಎಷ್ಟೋ ತಂತ್ರಾಂಶಗಳಲ್ಲಿ 'ಇಲ್ಲ' ಅಂತ ಉತ್ತರ. 'ರಾಜಕುಮಾರ್' ಅಂತ ಬರೆಯುವವರು ಬೇರೆ. ಸಾಫ್ಟ್‌ವೇರ್, ಫೇಸ್‌ಬುಕ್ ಎಲ್ಲಕ್ಕೂ ಇದೇ ಗತಿ. ಅಂಥ ಪದಗಳಲ್ಲಿ 'ಕುಮಾರ್', 'ವೇರ್', 'ಬುಕ್' ಅಂತ ಒಂದು ತುಂಡು ಮಾತ್ರ ಹುಡುಕುತ್ತೇನೆ. ಅಂಕಿಗಳದೂ ಹಾಗೇ. ೨೦೧೯ ಅಂತ ಬರೆದಿಟ್ಟು 2019 ಅಂತ ಹುಡುಕಿದರೆ ಅವೆರಡೂ ಬೇರೆ ಬೇರೆ. ನನಗೆ ಕನ್ನಡ ಅಂಕಿಗಳ ಮೇಲೆ ಪ್ರೀತಿಯಿದೆ, ಅಚ್ಚಿನಲ್ಲಿ ಅವನ್ನೇ ಬಯಸುತ್ತೇನೆ. ಟಿಪ್ಪಣಿಯಲ್ಲಿ ಮಾತ್ರ ಒಂದೇ ಬಗೆ, ಕಡತದ ಹೆಸರು ಯಾವಾಗಲೂ ವರ್ಷ, ತಿಂಗಳು, ದಿನ, ಆ ಅನುಕ್ರಮದಲ್ಲಿ. 2024-06-09 ಅಂತಿದ್ದರೆ ಕಡತಗಳು ತಾವೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಇಷ್ಟಾದ ಮೇಲೂ ಸಿಗದೇ ಹೋಗುವುದುಂಟು. ಅದಕ್ಕೆ ಪ್ರತಿ ಪುಟದ ಕೊನೆಯಲ್ಲಿ ಒಂದು ಸಾಲು ಇಡುತ್ತೇನೆ. 'ಹುಡುಕು: ಕೊಳೆರೋಗ, ಕೊಳೆ ರೋಗ, ಮಹಾಳಿ, ಅಡಿಕೆ ಉದುರುವುದು.' ಎರಡು ವರ್ಷದ ನಂತರದ ನಾನು ಇದನ್ನು ಯಾವ ಮಾತಿನಿಂದ ಹುಡುಕಬಹುದು ಅಂತ ಯೋಚಿಸಿ ಬರೆದ ಸಾಲು. ಅರ್ಧ ನಿಮಿಷದ ಕೆಲಸ. ನನ್ನ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದು ಈ ಒಂದು ಸಾಲು.

ಪ್ರತಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೂರು ಕಡೆ ಇರಲಿ: ಲ್ಯಾಪ್‌ಟಾಪ್, ಗೂಗಲ್ ಡ್ರೈವ್, ಬೇರೆ ಮನೆಯಲ್ಲಿ ಒಂದು ಡಿಸ್ಕ್. ನನ್ನ ಡಿಸ್ಕ್ ಬೆಂಗಳೂರಿನ ಅಕ್ಕನ ಮನೆಯ ಗೋದ್ರೇಜಿನಲ್ಲಿದೆ. ಮೇ ತಿಂಗಳ ಗುಡುಗು ಸಿಡಿಲಿಗೆ ಮೋಡೆಮ್ ಸುಟ್ಟುಕೊಂಡವರು ಇಲ್ಲಿ ಬಹಳ ಜನ ಇದ್ದೀರಿ, ವಿವರಿಸಬೇಕಾಗಿಲ್ಲ. ಪಾಸ್‌ವರ್ಡ್, ಆಧಾರ್ ಸಂಖ್ಯೆ ಇವನ್ನು ಕಿರ್ದಿಯಲ್ಲೂ ಖತಾವಣಿಯಲ್ಲೂ ಬರೆಯಬೇಡಿ, ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಹನ್ನೊಂದು ದಿನ ಅಂಗಡಿಗೆ ಬರಲಿಲ್ಲ. ಹಗಲು ಗುಮಾಸ್ತರು ನೋಡಿಕೊಂಡರು, ರಾತ್ರಿ ಲೆಕ್ಕ ನನ್ನ ಪಾಲಿಗೆ. ಯಾರೂ ಏನೂ ಹೇಳಿಕೊಡಲಿಲ್ಲ. ಕಿರ್ದಿ ತೆರೆದೆ, ಅಪ್ಪ ಎಲ್ಲಿಗೆ ನಿಲ್ಲಿಸಿದ್ದರು ಅನ್ನುವುದು ಅಂಚಿನಲ್ಲೇ ಕಂಡಿತು. ಆರು ಸಾಲುಗಳಿಗೆ ಅಂಕಿ ಇರಲಿಲ್ಲ, ಅಲ್ಲಿಂದ ಶುರುಮಾಡಿದೆ. ಆರನೇ ದಿನ ಶಿಲ್ಕಿನಲ್ಲಿ ನಲವತ್ತು ರೂಪಾಯಿ ಕಮ್ಮಿ ಬಂತು, ಹುಡುಕಿದೆ, ಹಿಂಡಿಯ ಒಂದು ಸಾಲನ್ನು ಶಿಲ್ಕು ಹಾಕುವಾಗ ಎರಡು ಸಲ ಹಿಡಿದಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನೀವು ಕಟ್ಟಿಕೊಳ್ಳುವ ವ್ಯವಸ್ಥೆಯನ್ನು ಮನೆಯ ಮತ್ತೊಬ್ಬರು ತೆರೆದು ನೋಡಿದರೆ ಅರ್ಥವಾಗಬೇಕು. ಅಮ್ಮನ ಔಷಧಿಯ ಖಾತೆಯನ್ನು ನಾನು ನನ್ನ ಗಂಡನ ಜತೆ, ಅಕ್ಕನ ಜತೆ ಹಂಚಿಕೊಂಡಿದ್ದೇನೆ. ಕಳೆದ ವರ್ಷ ನನಗೇ ಡೆಂಗಿ ಬಂದು ಮಲಗಿದಾಗ ಅಮ್ಮನ ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಲಿಲ್ಲ.

ಕೊನೆಗೆ ಇವತ್ತಿನ ಕಿರ್ದಿ ಓದುತ್ತೇನೆ, ಸಾಗರದಿಂದ ಇಲ್ಲಿಗೆ ಬರುವಾಗಿನಿಂದ ಬರೆದದ್ದು. 'ಪಕ್ಕದ ಸೀಟಿನ ಅಜ್ಜಿ: ಮೊದಲ ಮಳೆಗೆ ಮುಂಚಿನ ಗಾಳಿಗೆ ಒಂದು ಹೆಸರು ಹೇಳಿದರು, ಧ್ವನಿ ಇದೆ, ಕೇಳಿ ಬರೆ.' 'ಕರಡಿನ ಎಂಟನೇ ಅಧ್ಯಾಯ ಗುರುವಾರ.' 'ಅಕ್ಕನಿಗೆ ಫೋನ್.' 'ಸಭೆಗೆ ಬರುವ ಗ್ರಂಥಪಾಲಕರಲ್ಲಿ ಹಳೆಯ ಕೃಷಿ ಪತ್ರಿಕೆಗಳ ಬಗ್ಗೆ ಕೇಳು.' ಗ್ರಂಥಪಾಲಕರೇ, ಇಲ್ಲೇ ಇದ್ದೀರಲ್ಲ, ವೇದಿಕೆಯಿಂದ ಇಳಿದ ಮೇಲೆ ಎರಡು ನಿಮಿಷ ಬರುತ್ತೇನೆ. ಈಗ ನಾಲ್ಕು ಸಾಲು ಇದೆ. ಎಂಟೂವರೆಗೆ ಬಸ್ಸಿನಲ್ಲಿರುತ್ತೇನೆ, ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳು ಸೇರಿ ಹತ್ತಾಗಿರುತ್ತದೆ. ಆನಂದಪುರ ದಾಟುವುದರೊಳಗೆ ಎತ್ತಿ ಬರೆದು ಮುಗಿಸುತ್ತೇನೆ, ಅಜ್ಜಿಯ ಗಾಳಿಯ ಹೆಸರನ್ನು ಮೊದಲು.